ಐದನೇ ಬಿಕ್ಕಳಿಕೆ

ನಮ್ಮೂರಿನಲ್ಲಿ ಪಿಸ್ತೂಲುಗಳು ಬಿಕ್ಕುತ್ತವೆ. ಹೊಸದಾಗಿ ಬಂದವರು ಇದನ್ನು ಕೇಳಿ ನಗುತ್ತಾರೆ. ಆಮೇಲೆ ಗಂಟೆಬೀದಿಯಿಂದ ಉಪ್ಪಿನಬೀದಿಗೆ ಕಾಲಿಟ್ಟ ಕೂಡಲೇ ಅವರ ಸೊಂಟದಿಂದಲೇ 'ಹಿಕ್' ಅಂತ ಬಂದಾಗ ನಗು ನಿಲ್ಲಿಸಿ, ನನ್ನ ಅಂಗಡಿ ಎಲ್ಲಿ ಅಂತ ವಿಚಾರಿಸಿಕೊಂಡು ಬರುತ್ತಾರೆ. ನಾನು ಧರ್ಮೋಜಿ, ಜೀನಗಾರರ ಪೈಕಿ. ತಾತ ಕುದುರೆಗೆ ಜೀನು ಹೊಲಿದ, ಅಪ್ಪ ಸೈಕಲ್ಲಿಗೆ ಸೀಟು ಹೊಲಿದ, ನಾನು ಪಿಸ್ತೂಲಿಗೆ ಚೀಲ ಹೊಲಿಯುತ್ತೇನೆ. ಮೂವರದೂ ಒಂದೇ ದಬ್ಬಳ. ಹಿಡಿ ಮಾತ್ರ ಎರಡು ಸಲ ಬದಲಾಗಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಕಾನೂನೆಲ್ಲ ಕಲಿತದ್ದು ಗಿರಾಕಿಗಳ ಬಾಯಿಂದ. ಗಂಟೆಬೀದಿಯಲ್ಲಿ ಪಿಸ್ತೂಲು ಇಟ್ಟುಕೊಂಡವರು ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಳ್ಳಬೇಕು, ಮುಚ್ಚಿಟ್ಟರೆ ಬಿಕ್ಕುತ್ತದೆ. ಅಲ್ಲಿಂದ ಇಳಿದರೆ ಉಪ್ಪಿನಬೀದಿ, ಅಲ್ಲಿ ಯಾರ ಕಣ್ಣಿಗೂ ಬೀಳಕೂಡದು. ಅಂಗಿಯ ಸಂದಿನಿಂದ ಹಿಡಿಯ ತುದಿ ಇಣುಕಿದರೂ ಬಿಕ್ಕುತ್ತದೆ. ಹಗ್ಗದಬೀದಿಯಲ್ಲಿ ಪಿಸ್ತೂಲು ಒಂದು ಚೀಲ, ಗುಂಡು ಇನ್ನೊಂದು ಚೀಲ. ತೊಟ್ಟಿಲುಬೀದಿಯಲ್ಲಿ ಶಾಲೆಯಿದೆ, ಹೆರಿಗೆ ಆಸ್ಪತ್ರೆಯಿದೆ, ಅಲ್ಲಿ ಪಿಸ್ತೂಲಿನ ಮಾತೇ ಇಲ್ಲ. ಬೀದಿಯ ಬಾಯಲ್ಲಿರುವ ಕಲ್ಲುಗೂಡಿನಲ್ಲಿ ಬಿಟ್ಟು, ಬಿಲ್ಲೆ ಇಸಕೊಂಡು ಹೋಗಬೇಕು. ಇನ್ನು ಗಂಟೆಬೀದಿಯವರು ಕೊಟ್ಟ ಲೈಸೆನ್ಸನ್ನು ಉಪ್ಪಿನಬೀದಿಯವರು ಒಪ್ಪುತ್ತಾರೆ, ಉಪ್ಪಿನಬೀದಿಯವರು ಕೊಟ್ಟದ್ದನ್ನು ಗಂಟೆಬೀದಿಯವರು ಮುಟ್ಟಿಯೂ ನೋಡುವುದಿಲ್ಲ. ಯಾಕೆ ಅಂತ ಕೇಳಿದರೆ ಎರಡು ಬೀದಿಯವರೂ ಒಂದು ಹಳೇ ಮದುವೆ ಊಟದ ಕಥೆ ಹೇಳುತ್ತಾರೆ. ಒಬ್ಬರ ಕಥೆಯಲ್ಲಿ ಸಾರು ಕಡಿಮೆ ಬಿದ್ದಿತ್ತು, ಇನ್ನೊಬ್ಬರ ಕಥೆಯಲ್ಲಿ ಎಲೆ.

ತಪ್ಪು ಸರಿಹೋಗುವವರೆಗೂ ಬಿಕ್ಕಳಿಕೆ ನಿಲ್ಲುವುದಿಲ್ಲ. ಒಂದೆರಡು ಸಲ ಬಿಕ್ಕಿದರೆ ಯಾರೂ ತಲೆ ಎತ್ತುವುದಿಲ್ಲ, ಮರೆವು ಎಲ್ಲರಿಗೂ ಇದ್ದದ್ದೇ. ಆದರೆ ಐದನೇದು ಕೇಳಿಸಿತೋ, ಆ ಬೀದಿಯ ಪ್ರತಿ ಮನೆಯಿಂದ ಒಬ್ಬರು ನೀರಿನ ಚೊಂಬು ಹಿಡಿದು ಹೊರಗೆ ಬರಲೇಬೇಕು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಬರಬೇಕು. ಬಂದು, ನಳಿಗೆಗೆ ಒಂದು ಹನಿ ಬಿಟ್ಟು, "ಯಾರೋ ನೆನೆಸ್ಕೊಳ್ತಿದಾರೆ ಕಣಪ್ಪ ಇದನ್ನ" ಅಂತ ನಗಾಡಿ, ಚೀಲ ಸರಿಮಾಡಿಸಿ ಕಳಿಸುತ್ತಾರೆ. ಪಿಸ್ತೂಲಿನವರು ಮಾರನೇ ದಿನ ಬಂದವರಿಗೆಲ್ಲ ಪಾನಕ ಮಾಡಿ ಹಂಚಬೇಕು. ನಮ್ಮೂರಿನಲ್ಲಿ ದಂಡ ಅಂದರೆ ಇದೇ.

ಗಂಟೆಬೀದಿಗೂ ಉಪ್ಪಿನಬೀದಿಗೂ ನಡುವೆ ಒಂದು ಸಂದಿ ಇದೆ. ಬೇಗ ನಡೆದರೆ ನಾಲ್ಕು ಬಿಕ್ಕಳಿಕೆಯಷ್ಟು ಉದ್ದ. ಎರಡು ಪಕ್ಕದಲ್ಲೂ ಮನೆಗಳ ಹಿತ್ತಲ ಗೋಡೆ. ಈ ಸಂದಿ ನಮ್ಮದು ಅಂತ ಎರಡು ಬೀದಿಯವರೂ ತಲೆತಲಾಂತರದಿಂದ ಜಗಳ ಕಾಯುತ್ತಿರುವುದರಿಂದ ಅಲ್ಲಿ ಎರಡು ಕಾನೂನೂ ನಡೆಯುತ್ತವೆ. ಪಿಸ್ತೂಲು ಎಲ್ಲರಿಗೂ ಕಾಣಬೇಕು, ಯಾರಿಗೂ ಕಾಣಬಾರದು. ಎಂಥವರ ಪಿಸ್ತೂಲೂ ಅಲ್ಲಿ ಬಿಕ್ಕುತ್ತದೆ. ನಾಲ್ಕು ಸಲ ಬಿಕ್ಕುವಷ್ಟರಲ್ಲಿ ದಾಟಿಬಿಡಬೇಕು ಅಂತ ಜನ ಅಲ್ಲಿ ಓಡು ನಡಿಗೆಯಲ್ಲಿ ಹೋಗುತ್ತಾರೆ. ನಮ್ಮೂರಿನವರಿಗೆ ಕಾಲು ಚುರುಕು ಅಂತ ಹೊರಗಿನವರು ಹೊಗಳುವುದುಂಟು.

ಒಂದು ದಿನ ಮಧ್ಯಾಹ್ನ ಹಾಡಿನ ವಾರಿಜಮ್ಮ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಗಂಟೆಬೀದಿಯಲ್ಲಿ ಒಬ್ಬರೇ ಇರುವವರು, ನಲವತ್ತರ ಮೇಲೆ ಒಂದೆರಡು ವರ್ಷ. ಮನೆಮನೆಗೆ ಹೋಗಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಊರಿನ ಅರ್ಧ ಮಕ್ಕಳು ಜ್ವರದಲ್ಲಿ ಕನವರಿಸಿದರೂ ಶ್ರುತಿ ಬಿಡದೆ ಕನವರಿಸುವುದು ಇವರ ದೆಸೆಯಿಂದ. ಊರೆಲ್ಲ ನನ್ನನ್ನು ಧರ್ಮಣ್ಣ ಅಂದರೆ ಇವರೊಬ್ಬರು ಮಾತ್ರ ಧರ್ಮೋಜಿಯವರೇ ಅನ್ನುತ್ತಿದ್ದರು. ಇದನ್ನು ನನಗಿಂತ ಮೊದಲು ಗಮನಿಸಿದ್ದು ಪಕ್ಕದ ಹಿಟ್ಟಿನ ಗಿರಣಿಯ ಹಸೀನಾಬಿ. ಅವಳು ಗಮನಿಸದ್ದು ಈ ಓಣಿಯಲ್ಲಿ ಏನೂ ಇಲ್ಲ ಬಿಡಿ.

"ಧರ್ಮೋಜಿಯವರೇ, ಒಂದು ಚೀಲ ಬೇಕು" ಅಂದರು ವಾರಿಜಮ್ಮ, ಅವರ ತಂದೆಯ ಕಾಲದ ಪಿಸ್ತೂಲನ್ನು ಮಣೆಯ ಮೇಲಿಟ್ಟು. "ದಿನಾ ನಾಲ್ಕು ಬೀದಿ ಓಡಾಡ್ತೀನಿ. ಎಲ್ಲೂ ಬಿಕ್ಕಬಾರದು."

"ಎಲ್ಲೂ ಅಂದ್ರೆ?"

"ಎಲ್ಲೂ ಅಂದ್ರೆ ಎಲ್ಲೂ. ಸಂದೀಲೂ."

ಪಕ್ಕದಲ್ಲಿ ಗಿರಣಿ ನಿಂತಿತು. ಹಸೀನಾಬಿ ಕೈ ಒದರಿಕೊಂಡು ಬಾಗಿಲಿಗೆ ಬಂದಳು. ಯಾರ ಮಾತನ್ನೂ ಅರ್ಧ ಕೇಳಿ ಅವಳಿಗೆ ಅಭ್ಯಾಸವಿಲ್ಲ.

"ಸೌದೆ ಡಿಪೋ ಚೌಡಪ್ಪ ಗೊತ್ತಲ್ಲ" ಅಂದರು ವಾರಿಜಮ್ಮ. "ಹೋದ ವರ್ಷ ಮದುವೆ ಆಗ್ತೀಯಾ ಅಂತ ಕೇಳಿಸಿದ, ಇಲ್ಲ ಅಂದೆ. ಅವತ್ತಿಂದ ಸಂದೀಲಿ ನಿಂತಿರ್ತಾನೆ. ಮೊದಲು ಬರೀ ನಿಂತಿರ್ತಿದ್ದ. ಆಮೇಲೆ ದಾರಿಗೆ ಅಡ್ಡ ಬರೋಕೆ ಶುರು ಮಾಡಿದ. ಈ ಸೋಮವಾರ ನನ್ನ ಕೊಡೆ ಕಿತ್ಕೊಂಡು ಮೊಣಕಾಲಿಗೆ ಕೊಟ್ಟು ಮುರಿದ. 'ಮುಂದಿನ ಸಲ ಕೊಡೆ ಅಲ್ಲ' ಅಂದ."

"ಹಿರಿಯರಿಗೆ ಹೇಳಲಿಲ್ಲವಾ?" ಅಂದೆ ನಾನು.

"ಹೇಳ್ದೆ. ಸಂದಿ ನಮ್ಮದು ನಮ್ಮದು ಅಂತ ಹೊಡೆದಾಡೋವ್ರು, ನಾನು ದೂರು ತಗೊಂಡು ಹೋದಾಗ ನಿಮ್ಮದು ನಿಮ್ಮದು ಅಂತ ಒಬ್ಬರಿಗೊಬ್ಬರು ಬಿಟ್ಟುಕೊಟ್ರು."

"ಕೆರೆ ಸುತ್ತಿಕೊಂಡು ಹೋದ್ರೆ?" ಅಂದಳು ಹಸೀನಾಬಿ.

"ಮೂರು ಮನೆ ಪಾಠ ತಪ್ಪುತ್ತೆ. ಅದು ಹಾಗಿರಲಿ, ನಾನ್ಯಾಕೆ ಸುತ್ತಬೇಕು ಹೇಳಮ್ಮ." ಅವರ ದನಿ ಸ್ವಲ್ಪವೂ ಏರಲಿಲ್ಲ; ಮಕ್ಕಳ ಅಪಸ್ವರ ತಿದ್ದುವ ದನಿ. "ನಮ್ಮಣ್ಣ ಕಾಗದ ಬರೆದಿದಾನೆ, ಪಾಠ ಗೀಠ ಎಲ್ಲ ಬಿಟ್ಟು ತನ್ನೂರಿಗೆ ಬಂದುಬಿಡು ಅಂತ. ಎರಡು ತಿಂಗಳು ಗುಡ್ಡದ ಹಿಂದೆ ತೆಂಗಿನ ಚಿಪ್ಪಿಗೆ ಗುರಿ ಇಟ್ಟು ಕಲ್ತಿದೀನಿ, ಲೈಸೆನ್ಸು ಮಾಡಿಸಿದೀನಿ. ಇದೂ ಆಗಲಿಲ್ಲ ಅಂದ್ರೆ ಹಾರ್ಮೋನಿಯಂ ಮುಚ್ಚಿ ಹೊರಡೋದೇ."

ಅವರು ಹೋದ ಮೇಲೆ ಹಸೀನಾಬಿ ಅಂದಳು: "ಧರ್ಮಣ್ಣ, ಆಯಮ್ಮ ಊರು ಬಿಟ್ಟು ಹೋದ್ರೆ ನಿನ್ನ ಪೂರ್ತಿ ಹೆಸರು ಹೇಳಿ ಕೂಗೋಕೆ ಯಾರಿರ್ತಾರೆ? ಚೆನ್ನಾಗಿ ಹೊಲಿ."

ಹನ್ನೊಂದು ದಿನ ಹೊಲಿದೆ. ಕಾಣಬೇಕು, ಕಾಣಬಾರದು. ಊಟಕ್ಕೆ ಕೂತಾಗಲೂ ಅದೇ. ಹೆಂಡತಿ ತೀರಿಕೊಂಡ ಮೇಲೆ ಅಡುಗೆ ನನ್ನದೇ. ಆ ಹನ್ನೊಂದು ದಿನ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಕೊನೆಗೆ ಹೊಳೆಯಿತು. ತೊಗಲನ್ನು ನೆನೆಸಿ, ಪಿಸ್ತೂಲಿನ ಮೇಲೇ ಹೊದಿಸಿ, ಕೊಂಬಿನ ತುಂಡಿನಿಂದ ತಿಕ್ಕಿ ತಿಕ್ಕಿ ಒಣಗಿಸಿದೆ. ಬೆರಳು ಎಳೆಯುವ ಕುದುರೆ, ನಳಿಗೆ, ಹಿಡಿಯ ಗೆರೆ, ಒಂದೂ ಬಿಡದೆ ತೊಗಲಿನ ಮೇಲೆ ಎದ್ದು ನಿಂತವು. ನೋಡಿದವರು ಇದು ಪಿಸ್ತೂಲೇ ಅನ್ನಬೇಕು, ಆದರೆ ಪಿಸ್ತೂಲನ್ನು ಯಾರೂ ನೋಡಿದ ಹಾಗಾಗಲಿಲ್ಲ. ಹಗ್ಗದಬೀದಿಗಾಗಿ ಗುಂಡಿಗೆ ಬೇರೆ ಪುಟ್ಟ ಚೀಲ. ಭದ್ರವಾಗಿರಲಿ ಅಂತ ಮೇಲೆ ಮೂರು ಬಕಲ್ಲು.

ಪರೀಕ್ಷೆಗೆ ಮೂವರೂ ಹೋದೆವು. ಗಂಟೆಬೀದಿಯಲ್ಲಿ ಸದ್ದಿಲ್ಲ. ಸಂದಿಯ ಬಾಯಲ್ಲಿ ಹಸೀನಾಬಿ ನನ್ನ ತೋಳು ಚಿವುಟಿ ಹಿಡಿದಳು. ವಾರಿಜಮ್ಮ ಓಡು ನಡಿಗೆ ಹಾಕದೆ, ನಿಧಾನವಾಗಿ ಆ ಗೋಡೆ ಈ ಗೋಡೆ ನೋಡುತ್ತಾ ನಡೆದು ಆಚೆ ಬದಿ ಸೇರಿದರು. ಪಿಸ್ತೂಲು ತೆಪ್ಪಗಿತ್ತು. ಊರು ಹುಟ್ಟಿದ ಮೇಲೆ ಮೊದಲ ಸಲ. ಅವತ್ತು ನನ್ನ ಎದೆ ನಮ್ಮ ಓಣಿಗಿಂತ ಅಗಲವಾಗಿತ್ತು, ಹಸೀನಾಬಿ ಅದನ್ನು ಹಿಟ್ಟಿನ ಜೊತೆ ಊರಿಗೆಲ್ಲ ಹಂಚಿದಳು.

ಗುರುವಾರ ಸಂಜೆ ವಾರಿಜಮ್ಮ ಮತ್ತೆ ಬಂದರು. ಬಲಗೈ ಮಣಿಕಟ್ಟು ಊದಿತ್ತು, ಬಳೆಗಳಿರಲಿಲ್ಲ. ಚೀಲವನ್ನು ಮಣೆಯ ಮೇಲಿಟ್ಟು ಕೂತರು. ಹಸೀನಾಬಿ ಅರಿಶಿನ ಬಿಸಿ ಮಾಡಿ ತಂದು ಪಟ್ಟು ಹಾಕಿದಳು.

"ಮೂರು ಬಕಲ್ಲು ಇಟ್ಟಿದ್ರಿ" ಅಂದರು ವಾರಿಜಮ್ಮ. "ಎರಡು ಬಿಚ್ಚೋ ಹೊತ್ತಿಗೆ ಕೈ ತಿರುಚಿದ. 'ಒಳಗೇನಿದೆ, ಶ್ರುತಿಪೆಟ್ಟಿಗೇನಾ' ಅಂತ ನಗ್ತಾನೆ. ಗೋಡೆ ಆಚೆ ಪಾತ್ರೆ ತೊಳೆಯೋ ಸದ್ದು ಕೇಳಿಸ್ತಿತ್ತು."

"ಕೂಗಬಾರದಾಗಿತ್ತೇ?" ಅಂದೆ.

"ಕೂಗಿದೆ. ಸಂದೀಲಿ ಕೂಗಿದ್ರೆ ಇವರು ಅವರು ನೋಡ್ಕೊಳ್ತಾರೆ ಅಂತಾರೆ, ಅವರು ಇವರು ನೋಡ್ಕೊಳ್ತಾರೆ ಅಂತಾರೆ. ಪುಣ್ಯಕ್ಕೆ ಯಾರದೋ ಎಮ್ಮೆ ನುಗ್ಗಿ ಬಂತು, ಅವನು ಗೋಡೆಗೆ ಅಂಟಿಕೊಂಡ, ನಾನು ಅದರ ಹಿಂದೇನೇ ಓಡಿ ಬಂದೆ." ಚೀಲವನ್ನು ಬೆರಳಿನಿಂದ ಸವರಿದರು. "ಬಿಕ್ಕಳಿಕೆ ಬಂದಿದ್ರೆ ಎಲ್ಲರೂ ಬರಲೇಬೇಕಿತ್ತು. ಬರಲಿಲ್ಲ. ನಿಮ್ಮ ಕೆಲಸ ಅಷ್ಟು ಚೆನ್ನಾಗಿದೆ."

ಮೂರನೇ ಬಕಲ್ಲನ್ನು ನೋಡುತ್ತಾ ಕೇಳಿದೆ: "ಕೈಗೆ ಸಿಕ್ಕಿದ್ರೆ ಏನು ಮಾಡ್ತಿದ್ರಿ?"

"ದಾರಿ ಉದ್ದಕ್ಕೂ ಅದನ್ನೇ ಯೋಚನೆ ಮಾಡ್ತಾ ಬಂದೆ. ಅವನ ಹಿಂದಿನ ಗೋಡೆ ಆಚೆ ನನ್ನ ಶಿಷ್ಯೆ ಕೂತು ಸರಳೆ ವರಸೆ ಹೇಳ್ತಿದ್ಲು. ನಾನು ಚಿಪ್ಪಿಗೆ ಹೊಡೀತಿದ್ದಾಗ ಹತ್ತಕ್ಕೆ ಏಳು ತಗಲೋದು. ಉಳಿದ ಮೂರು ಎಲ್ಲಿಗೆ ಹೋಯ್ತು ಅಂತ ಗುಡ್ಡದ ಹಿಂದೆ ಯಾರು ಕೇಳ್ತಾರೆ? ಬೀದಿ ದಾಟುವಾಗ ನಿಂತು ಕಾನೂನು ಕೇಳೋದು ನಾವು, ಗುಂಡು ಕೇಳಲ್ಲ. ಪ್ರಾಣದ ಮೇಲೇ ಬಂದ್ರೆ ಹಾರಿಸ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ ಮುಂಚೆ ನಂಗೆ ಇನ್ನೊಂದು ಮೆಟ್ಟಿಲು ಬೇಕು ಧರ್ಮೋಜಿಯವರೇ. ಈ ಚೀಲ ಕೆಡಿಸಿಕೊಡಿ."

"ಕೆಡಿಸೋದಾ?"

"ಒಂದು ದಾರ ಎಳೆದ್ರೆ ಮೇಲಿನ ಮುಖ ಅರ್ಧ ಬಿದ್ದುಹೋಗಬೇಕು. ಅರ್ಧ ಕಾಣಬೇಕು, ಅರ್ಧ ಮುಚ್ಚಿರಬೇಕು. ಎರಡು ಬೀದಿಯ ಕಾನೂನೂ ಒಂದೇ ಸಲ ಮುರೀಬೇಕು."

ಹನ್ನೊಂದು ದಿನದ ಕೆಲಸ. ನಾನು ಚೀಲವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತೆ. "ಹೊಸದಾಗಿ ಒಂದು ಮಾಡಿಕೊಡ್ತೀನಿ, ಇದು ಹೀಗೇ ಇರಲಿ" ಅಂದೆ.

"ಎಷ್ಟು ದಿನ?"

"ಒಂದು ವಾರ."

"ಶನಿವಾರ ಪಾಠ ಇದೆ."

"ಅಯ್ಯೋ ಮಾರಾಯ" ಅಂದಳು ಹಸೀನಾಬಿ. "ಚೀಲ ಮುಖ್ಯಾನೋ ಆಯಮ್ಮ ಮುಖ್ಯಾನೋ ಅಂತ ತಕ್ಕಡಿ ಹಿಡ್ಕೊಂಡು ಕೂತಿದೀಯಲ್ಲ. ಕತ್ತರಿ ನಾನು ತರ್ಲಾ?"

ಕತ್ತರಿ ನಾನೇ ತೆಗೆದೆ. ಮೂರು ಬಕಲ್ಲೂ ಹಾರಿದವು. ಮುಖವನ್ನು ಅಂಚಿನುದ್ದಕ್ಕೂ ಸೀಳಿ, ಮೇಣ ತಿಕ್ಕಿದ ಒಂದೇ ದಾರದಲ್ಲಿ ಜಾರುಗಂಟು ಹಾಕಿ ನಿಲ್ಲಿಸಿದೆ. ತಾತ ಕುದುರೆಯ ಜೀನಿಗೆ ಹಾಕುತ್ತಿದ್ದ ಗಂಟು. ಸವಾರ ಬಿದ್ದರೆ ಅವನನ್ನು ಎಳೆದುಕೊಂಡು ಹೋಗದೆ ಬಿಟ್ಟುಕೊಡುವಂಥದ್ದು. ಅದು ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ತಾತನೂ ಅಂದುಕೊಂಡಿರಲಿಕ್ಕಿಲ್ಲ.

ಶನಿವಾರ ನಾಲ್ಕು ಗಂಟೆಗೆ ನಾನು ಉಪ್ಪಿನಬೀದಿಯ ಸಿದ್ದಜ್ಜಿಯ ಜಗಲಿಯ ಮೇಲೆ ಕೂತಿದ್ದೆ. ಬೀದಿಯಲ್ಲಿ ಎಲ್ಲರಿಗಿಂತ ಹಿರಿಯಳು, ಅವಳ ಮನೆಯ ಗೋಡೆಯೇ ಸಂದಿಯ ಗೋಡೆ. ಮೊಮ್ಮಗನ ಸೈಕಲ್ ಸೀಟು ರಿಪೇರಿಗೆ ಬಂದೆ ಅಂತ ನೆಪ ಹೇಳಿದ್ದೆ. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಬೆಳಿಗ್ಗೆಯಿಂದ ಅದೇ ಮೊಳೆ ಬಡೀತಿದೀಯ" ಅಂದಳು.

"ಗಟ್ಟಿ ಇರಲಿ ಅಂತ ಅಜ್ಜಿ."

"ಬೆಳಿಗ್ಗೆ ನೀನು ಬಂದೇ ಇರಲಿಲ್ಲ, ಆದ್ರೂ ಹೂಂ ಅಂತೀಯ. ಏನು ವಿಷಯ, ಅದನ್ನ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯಾಚೆ ಹಿಕ್ ಅಂತ ಕೇಳಿಸಿತು. ಜೋರಾಗಿ, ಎರಡು ಪಿಸ್ತೂಲು ಒಟ್ಟಿಗೆ ಬಿಕ್ಕಿದ ಹಾಗೆ. "ಒಂದು" ಅಂದಳು ಅಜ್ಜಿ, ಕೇರುತ್ತಲೇ. ಅದು ಅವಳಿಗೆ ಉಸಿರಾಟದಷ್ಟು ಅಭ್ಯಾಸ. "ಎರಡು. ಮೂರು. ನಾಲ್ಕು. ಆಯ್ತು, ದಾಟಿದರು."

ಐದನೇದು ಬಂತು.

ಅಜ್ಜಿಯ ಮೊರ ನಿಂತಿತು. ಎಪ್ಪತ್ತೆಂಟು ವರ್ಷದವಳು ನನಗಿಂತ ಮೊದಲು ಎದ್ದಳು. ಬಾಗಿಲ ಪಕ್ಕದ ಚೊಂಬಿಗೆ ಕೈ ಹಾಕಿ ಬೀದಿಗಿಳಿದಾಗ ಆಗಲೇ ಎರಡು ಕಡೆಯ ಬಾಗಿಲುಗಳೂ ತೆರೆಯುತ್ತಿದ್ದವು. ಸೀಗೇಪುಡಿ ಹಚ್ಚಿಕೊಂಡ ತಲೆಯಲ್ಲೇ ಬಂದವರು, ಒಂದು ಕೈಯಲ್ಲಿ ಮಗು ಇನ್ನೊಂದರಲ್ಲಿ ಚೊಂಬು ಹಿಡಿದವರು, ಊದುಗೊಳವೆಯನ್ನು ಕೆಳಗಿಡಲು ಮರೆತು ಬಂದವರು. ಸಂದಿಯ ಆ ಬದಿಯಿಂದ ಗಂಟೆಬೀದಿಯವರೂ ನುಗ್ಗಿದರು. ಐದನೇ ಬಿಕ್ಕಳಿಕೆ ಸಂದಿಯಲ್ಲಿ ಬಂದದ್ದು ಯಾರಿಗೂ ನೆನಪಿರಲಿಲ್ಲ. ತಮ್ಮದು ಅಂತ ಸಾಧಿಸಬೇಕಾದರೆ ಇಬ್ಬರೂ ಬರಲೇಬೇಕಿತ್ತು.

ನಡುವೆ ವಾರಿಜಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಸೊಂಟದಲ್ಲಿ ಚೀಲ ಅರ್ಧ ಬಾಯಿ ಬಿಟ್ಟುಕೊಂಡು ಬಿಕ್ಕುತ್ತಿತ್ತು. ಪಿಸ್ತೂಲಿಗೆ ಕೈ ಹಾಕಿರಲಿಲ್ಲ. ಎದುರಿಗೆ ಚೌಡಪ್ಪ, ಅವರ ಹೊಸ ಕೊಡೆಯ ತುದಿ ಅವನ ಮುಷ್ಟಿಯಲ್ಲಿ.

"ಯಾರದ್ದು ಪಿಸ್ತೂಲು?" ಅಂದಳು ಸಿದ್ದಜ್ಜಿ.

"ನಂದು ಅಜ್ಜಿ."

"ಕಾನೂನು ಗೊತ್ತಿಲ್ವೇನಮ್ಮ?"

"ಎರಡು ಬೀದೀದೂ ಗೊತ್ತು. ಎರಡನ್ನೂ ಬೇಕಂತಲೇ ಮುರಿದೆ."

"ಯಾಕೆ?"

"ನೀವೆಲ್ಲ ಬರಲಿ ಅಂತ."

ಪಿಸ್ತೂಲು ಒಂದು ಸಲ ಬಿಕ್ಕಿತು. ಗುರುವಾರ ಪಾತ್ರೆ ತೊಳೆಯುತ್ತಿದ್ದವರು ಅಲ್ಲೇ ಎಲ್ಲೋ ನಿಂತಿರಬೇಕು. ಒಂದಿಬ್ಬರು ಚೊಂಬಿನೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ತಲೆ ಬಗ್ಗಿಸಿದರು. ಅಜ್ಜಿ ವಾರಿಜಮ್ಮನ ಊದಿದ ಮಣಿಕಟ್ಟು ನೋಡಿದಳು, ಆಮೇಲೆ ಚೌಡಪ್ಪನ ಮುಷ್ಟಿ ನೋಡಿದಳು.

"ಚೌಡಪ್ಪ, ಕೊಡೆ ನಿಂದಾ?"

"ಇಲ್ಲಜ್ಜಿ. ದಾರೀಲಿ ಸಿಕ್ಕಿದ್ರು, ಮಾತಾಡಿಸ್ತಿದ್ದೆ." ಅವನ ಬೆರಳು ತಾವಾಗಿಯೇ ಬಿಟ್ಟುಕೊಂಡವು.

"ಮಾತಾಡಿ ಮಾತಾಡಿ ಬಾಯಿ ಒಣಗಿರಬೇಕು ನಿಂಗೆ. ತಗೋ, ಕುಡಿ."

ಕೊಟ್ಟ ನೀರು ಬೇಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಕುಡಿದ. ಅಜ್ಜಿಯ ಹಿಂದಿದ್ದವಳು ತನ್ನ ಚೊಂಬು ಚಾಚಿದಳು. ಅದನ್ನೂ ಕುಡಿದ. ಆಮೇಲೆ ಸಾಲು ಹತ್ತಿತು. ನಾಲ್ಕನೇ ಚೊಂಬಿಗೆ ಮೀಸೆಯಿಂದ ತೊಟ್ಟಿಕ್ಕತೊಡಗಿತು, ಆರನೇದಕ್ಕೆ ಗೋಡೆ ಹಿಡಿದ, ಏಳನೇದಕ್ಕೆ ಕೂತ. "ಸಾಕ್ರಮ್ಮ" ಅಂದ. "ಅದೆಂಗಪ್ಪ, ನಮ್ಮ ಬೀದೀದು ಇನ್ನೂ ಮುಟ್ಟೇ ಇಲ್ಲ" ಅಂದರು ಗಂಟೆಬೀದಿಯವರು. ಕೊನೆಗೆ ಉಳಿದ ಚೊಂಬುಗಳನ್ನೆಲ್ಲ ಅವನ ತಲೆಯ ಮೇಲೆ ಸುರಿದು ಲೆಕ್ಕ ಚುಕ್ತಾ ಮಾಡಿದರು.

ಸಿದ್ದಜ್ಜಿ ನಗಲಿಲ್ಲ. ಅವನ ಮುಂದೆ ಬಗ್ಗಿ ಹೇಳಿದಳು: "ಇನ್ನು ಮೇಲೆ ಈ ಸಂದೀಲಿ ಇವಳದ್ದು ಒಂದು ಸಲ ಬಿಕ್ಕಿದ್ರೂ ಐದು ಅಂತಲೇ ನಮ್ಮ ಎಣಿಕೆ. ಚೊಂಬು ಹಿಡ್ಕೊಂಡು ಸೀದಾ ನಿನ್ನ ಡಿಪೋಗೆ ಬರ್ತೀವಿ, ನಿನ್ನ ತಾಯಿ ಎದುರಿಗೇ ಕುಡಿಸ್ತೀವಿ. ಬಿಕ್ಕದಿದ್ರೂ ನಂಗೆ ಕಿವಿ ಚೆನ್ನಾಗಿದೆ." ಹಾಗಂದು ನೆಟ್ಟಗಾಗಿ, ಗುರುವಾರ ಪಾತ್ರೆ ತೊಳೆದವರ ಕಡೆಗೂ ಒಂದು ಸಲ ನೋಡಿದಳು. ವಾರಿಜಮ್ಮ ಚೀಲದ ಮುಖ ಮುಚ್ಚಿ ಗಂಟು ಬಿಗಿದರು. ಬಿಕ್ಕಳಿಕೆ ನಿಂತಿತು.

ದಂಡ ತಪ್ಪಲಿಲ್ಲ. ಮಾರನೇ ದಿನ ಎರಡು ಬೀದಿಗೂ ಪಾನಕ. ಅರವತ್ತೆರಡು ಮನೆ. ಬೆಲ್ಲ ಕುಟ್ಟಿದ್ದು ನಾನು, ಏಲಕ್ಕಿ ಹಸೀನಾಬಿಯದು, ಹಂಚಿದ್ದು ವಾರಿಜಮ್ಮ, ಆ ಸಂದಿಯಲ್ಲೇ. ಮೊದಲ ಲೋಟ ಯಾವ ಬೀದಿಗೆ ಅಂತ ಒಂದು ಸಣ್ಣ ಜಗಳವೂ ಆಯಿತು. ಮದುವೆ ಊಟದ ಕಥೆ ಮತ್ತೆ ಹೊರಗೆ ಬಂತು. ವಾರಿಜಮ್ಮ ಎರಡು ಕೈಯಲ್ಲಿ ಎರಡು ಲೋಟ ಹಿಡಿದು ಒಟ್ಟಿಗೇ ಕೊಟ್ಟು ಮುಗಿಸಿದರು. ಅಣ್ಣನಿಗೆ ಬರಲಾಗುವುದಿಲ್ಲ ಅಂತ ಕಾಗದ ಹಾಕಿದರು. ಚೌಡಪ್ಪ ಈಗ ಗಂಟೆಬೀದಿಗೆ ಹೋಗಬೇಕಾದರೆ ಕೆರೆ ಸುತ್ತಿಕೊಂಡು ಹೋಗುತ್ತಾನೆ. ಸಂದಿಯ ಗೋಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿ ಬಂದಿವೆ.

ಹೋದ ತಿಂಗಳು ವಾರಿಜಮ್ಮ ಪಿಸ್ತೂಲು ತಂದು ಕೊಟ್ಟರು, ದಾರ ಸವೆದಿದೆ, ಹೊಸದು ಹಾಕಿ ಅಂತ. ನಮ್ಮ ಓಣಿಯಲ್ಲಿ ರಿಪೇರಿಗೆ ಬಂದದ್ದು ಅದರ ಚೀಲದಲ್ಲೇ ಇದ್ದರೆ ಕಾನೂನಿನ ತಕರಾರಿಲ್ಲ. ದಾರ ಅವತ್ತೇ ಹಾಕಿದೆ. ಮೂರು ವಾರವಾಯಿತು, ಅವರು ಒಯ್ಯಲಿಲ್ಲ, ನಾನೂ ಕರೆಕಳಿಸಲಿಲ್ಲ. ಅದು ಅಂಗಡಿಯ ಗೋಡೆಗೂಡಿನಲ್ಲಿ ಕೂತಿದೆ.

ನಿನ್ನೆ ಐದು ಗಂಟೆಗೆ, ಪಾಠ ಮುಗಿಯುವ ಹೊತ್ತು, ಅದು ಗೂಡಿನಲ್ಲೇ ಹಿಕ್ ಅಂದಿತು. ಎದ್ದು ನೋಡಿದೆ. ಗಂಟು ಬಿಗಿಯಾಗಿದೆ, ಗುಂಡು ಬೇರೆ ಚೀಲದಲ್ಲಿದೆ, ಎಲ್ಲ ಕ್ರಮವಾಗಿದೆ. ಮತ್ತೆ ಹಿಕ್ ಅಂದಿತು. ಐದನೇದಕ್ಕೆ ಸರಿಯಾಗಿ ಹಸೀನಾಬಿ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಯಾವ ಕಾನೂನು ಮುರಿದೆ ಧರ್ಮಣ್ಣ?"

"ಯಾವುದೂ ಇಲ್ಲಮ್ಮ. ನೀನೇ ನೋಡು."

ಅವಳು ಚೀಲ ತಿರುಗಿಸಿ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಓಣಿಯ ತಿರುವಿನ ಕಡೆ ನೋಡಿದಳು. ಅಲ್ಲಿ ಒಂದು ಕೊಡೆ ಕಾಣಿಸಿಕೊಂಡಿತ್ತು, ಮಳೆಯೂ ಬಿಸಿಲೂ ಇಲ್ಲದ ಹೊತ್ತಿನಲ್ಲಿ. ಹಸೀನಾಬಿ "ಯಾರೋ ನೆನೆಸ್ಕೊಳ್ತಿದಾರೆ ಬಿಡು" ಅಂತ ಚೊಂಬನ್ನು ನನ್ನ ಕೈಗಿಟ್ಟು ಗಿರಣಿಗೆ ಹೋದಳು. ಗಿರಣಿ ಶುರುವಾದ ಸದ್ದು ಮಾತ್ರ ಕೇಳಿಸಲಿಲ್ಲ.

ನಳಿಗೆಗೆ ಹನಿ ಬಿಡಲಿಲ್ಲ. ನೀರನ್ನು ನಾನೇ ಕುಡಿದೆ. ಆಮೇಲೆ ಡಬ್ಬಿಯಿಂದ ಬೆಲ್ಲದ ಅಚ್ಚು ತೆಗೆದು, ಕುಟ್ಟುವುದಕ್ಕೆ ಕೂತೆ.